ತಂತಿ ಫೋನನ್ನು ಮತ್ತೆ ಮನೆಗೆ ತರುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಅಂಗೈಯಲ್ಲಿ ಮೊಬೈಲ್ ಹಿಡಿದೇ ಬೆಳೆದವರು ಈಗ ಗೋಡೆಗೆ ತಂತಿ ಸಿಕ್ಕಿಸುವ ಫೋನ್ ಹುಡುಕುತ್ತಿದ್ದಾರೆ. ಹಳೆಯ ವಸ್ತುವಿನ ವ್ಯಾಮೋಹ ಎಂದು ಇದನ್ನು ಪಕ್ಕಕ್ಕೆ ತಳ್ಳುವವರಿದ್ದಾರೆ. ಆದರೆ ಇಪ್ಪತ್ತರ ಆಸುಪಾಸಿನ ಎಷ್ಟೋ ಜನರಿಗೆ ಲ್ಯಾಂಡ್‌ಲೈನಿನ ನೆನಪೇ ಇಲ್ಲ, ವ್ಯಾಮೋಹ ಎಲ್ಲಿಂದ ಬರಬೇಕು? ಅವರಿಗೆ ಬೇಕಿರುವುದು ಮಾತಾಡಿಸುವುದೊಂದನ್ನು ಬಿಟ್ಟು ಬೇರೇನೂ ಮಾಡದ ಯಂತ್ರ. ಗೆಳತಿಯ ಜೊತೆ ಮಾತಾಡುತ್ತಿರುವಾಗ ನಡುವೆ ಇನ್ಯಾವುದೋ ಸಂದೇಶ ಟಣ್ ಎನ್ನಬಾರದು. ಮಾತು ಮುಗಿದ ಮೇಲೆ ಬೆರಳು ತನ್ನಷ್ಟಕ್ಕೆ ವಿಡಿಯೊಗಳ ಕಡೆ ಜಾರಬಾರದು.

ಈ ಆಸೆ ನ್ಯಾಯವಾದದ್ದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅದು ಕೈಗೂಡಲು ಒಂದಿಷ್ಟು ತಾಂತ್ರಿಕ ತಿಳಿವಳಿಕೆ ಬೇಕು. ಫೋನ್ ಎಲ್ಲಿಯಾದರೂ ಸಿಗುತ್ತದೆ, ಅದಕ್ಕೆ ಜೀವ ಕೊಡುವ ಲೈನ್ ಮಾತ್ರ ಈಗ ಮೊದಲಿನಷ್ಟು ಸುಲಭವಾಗಿ ಸಿಗುವುದಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬರಹ ತಂತಿ ಇರುವ ಫೋನಿನ ಬಗ್ಗೆ. ಕಾರ್ಡ್‌ಲೆಸ್ ಕೊಂಡರೆ ಅದನ್ನು ಕಿವಿಗಿಟ್ಟುಕೊಂಡು ಮನೆಯೆಲ್ಲ ಓಡಾಡಬಹುದು, ಬಟ್ಟೆ ಮಡಚಬಹುದು, ಟಿವಿ ಮುಂದೆ ಕೂರಬಹುದು. ಮೊಬೈಲಿನಲ್ಲಿ ಮಾಡುತ್ತಿದ್ದುದೆಲ್ಲ ಅಲ್ಲಿಯೂ ಮುಂದುವರಿಯುತ್ತದೆ. ತಂತಿ ನಿಮ್ಮನ್ನು ಒಂದು ಕಡೆ ಕೂರಿಸುತ್ತದೆ. ಹಾಗೆ ಕೂತಾಗ ಆಚೆಯವರ ಮಾತು ಕೇಳಿಸಿಕೊಳ್ಳುವುದು ಬಿಟ್ಟರೆ ಬೇರೆ ಕೆಲಸವಿರುವುದಿಲ್ಲ. ಹೀಗಾಗಿ ಇಲ್ಲಿ ಹೇಳುವ ಪ್ರತಿ ಹಂತದಲ್ಲೂ ತಂತಿಯನ್ನು ಸಹಿಸಿಕೊಳ್ಳಬೇಕಾದ ತೊಂದರೆ ಎಂದು ನೋಡದೆ, ಬೇಕೆಂದೇ ಆರಿಸಿಕೊಂಡ ಅನುಕೂಲ ಎಂದು ನೋಡಿದ್ದೇನೆ.

ಮಾತು ಕೇಳುವ ಬಗೆಯೇ ಬೇರೆ

ಲ್ಯಾಂಡ್‌ಲೈನಿನಲ್ಲಿ ದನಿ ಹೆಚ್ಚು ಸ್ಪಷ್ಟ ಎಂದು ಬಹಳ ಜನ ಹೇಳುತ್ತಾರೆ. ಅಳತೆಯ ಲೆಕ್ಕದಲ್ಲಿ ಇದು ನಿಜವಲ್ಲ. ಸಾಂಪ್ರದಾಯಿಕ ದೂರವಾಣಿ ದಾಟಿಸುವುದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ. ಇಂದಿನ ಮೊಬೈಲಿನ ಎಚ್‌ಡಿ ಕರೆ 7,000 ಹರ್ಟ್ಸ್‌ವರೆಗೂ ಹೋಗುತ್ತದೆ. ಹಾಗಿದ್ದರೂ ತಂತಿ ಫೋನಿನ ಮಾತು ಹಿತವೆನಿಸುವುದಕ್ಕೆ ಬೇರೆ ಕಾರಣಗಳಿವೆ.

ಮೊದಲನೆಯದು ತಡ. ತಾಮ್ರದ ತಂತಿಯ ಮೇಲೆ ಹತ್ತಿರದ ಕರೆಯಲ್ಲಿ ದನಿ ಆಚೆ ತಲುಪುವುದಕ್ಕೆ ಹಿಡಿಯುವ ಹೊತ್ತು ಗಮನಕ್ಕೇ ಬರುವುದಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪ್ರಕಾರ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆಗೆ ತೊಡಕಾಗದು. ಮೊಬೈಲಿನಿಂದ ಮೊಬೈಲಿಗೆ ಮಾಡಿದ ಕರೆ ಎಷ್ಟೋ ಸಲ ಈ ಗಡಿಯನ್ನು ಮುಟ್ಟುತ್ತದೆ, ದಾಟುವುದೂ ಉಂಟು. ಇಬ್ಬರೂ ಒಟ್ಟಿಗೆ ಬಾಯಿ ತೆರೆದು, ಇಬ್ಬರೂ ನಿಂತು, "ಹೇಳು ಹೇಳು", "ಇಲ್ಲ, ನೀನೇ ಹೇಳು" ಎಂದು ಒದ್ದಾಡುವುದು ಇದರಿಂದಲೇ. ಎರಡನೆಯದು, ರಿಸೀವರ್ ಹಿಡಿದು ಮಾತಾಡುವಾಗ ನಿಮ್ಮದೇ ದನಿ ಮೆಲ್ಲಗೆ ನಿಮ್ಮ ಕಿವಿಗೂ ಬೀಳುತ್ತದೆ. ಫೋನ್ ತಯಾರಿಸುವವರು ಬೇಕೆಂದೇ ಇಟ್ಟಿರುವ ಗುಣ ಇದು. ಇದರಿಂದ ಕಿರುಚುವ ಅಗತ್ಯ ಬೀಳುವುದಿಲ್ಲ, ದನಿ ತಾನಾಗಿ ತಗ್ಗುತ್ತದೆ. ಮೂರನೆಯದು ರಿಸೀವರಿನ ಆಕಾರ: ಕಿವಿಗೆ ಪೂರ್ತಿ ಕೂರುತ್ತದೆ, ಮೈಕ್ ಬಾಯಿಯ ಮುಂದೆಯೇ ಬರುತ್ತದೆ.

ಆಚೆಯವರು ಮೊಬೈಲಿನಲ್ಲಿದ್ದರೆ ಅವರ ಕಡೆಯ ತಡ ಹಾಗೆಯೇ ಉಳಿಯುತ್ತದೆ, ಇಂಟರ್ನೆಟ್ ಮೂಲಕ ಹೋಗುವ ಲೈನಿನಲ್ಲೂ ಒಂದಿಷ್ಟು ತಡ ಸೇರಿಕೊಳ್ಳುತ್ತದೆ. ಪೂರ್ತಿ ಸುಖ ಬೇಕಿದ್ದರೆ ಗೆಳೆಯನಿಗೂ ಒಂದು ತಂತಿ ಫೋನ್ ಹಾಕಿಸಿಕೊಳ್ಳಲು ಹೇಳಿ. ಎರಡು ಮನೆಗಳಲ್ಲಿ ಫೋನ್ ಬಂದ ಮೇಲೆಯೇ ಇದರ ನಿಜವಾದ ರುಚಿ ತಿಳಿಯುವುದು.

ಹಂತ 1: ಎಲ್ಲಕ್ಕಿಂತ ಮೊದಲು ಜಾಗ

ಬಹಳ ಜನ ಮೊದಲು ಚೆಂದದ ಫೋನ್ ಕೊಂಡು, ಆಮೇಲೆ ಅದನ್ನು ಎಲ್ಲಿಡುವುದೆಂದು ಯೋಚಿಸುತ್ತಾರೆ. ಕೊನೆಗೆ ರೌಟರ್ ಇರುವ ಮೂಲೆಯಲ್ಲಿ, ಕೂರಲು ಕುರ್ಚಿಯೂ ಇಲ್ಲದ ಕಡೆ ಫೋನ್ ಸೇರಿಕೊಳ್ಳುತ್ತದೆ. ಅಂಥ ಫೋನಿನಲ್ಲಿ ಯಾರೂ ಹತ್ತು ನಿಮಿಷ ಮಾತಾಡುವುದಿಲ್ಲ. ಅದು ಶೋಕೇಸಿನ ವಸ್ತುವಾಗಿ ಉಳಿದುಬಿಡುತ್ತದೆ.

ಅರ್ಧ ಗಂಟೆ ಆರಾಮವಾಗಿ ಕೂರಬಹುದಾದ ಕುರ್ಚಿ, ಪಕ್ಕದಲ್ಲಿ ಒಂದು ಪುಟ್ಟ ಮೇಜು, ಮೇಜಿನ ಮೇಲೆ ಪುಸ್ತಕ ಮತ್ತು ಪೆನ್ನು, ಬರೆಯಲು ಸಾಲುವಷ್ಟು ಬೆಳಕು. ಕಿಟಕಿ ಹತ್ತಿರವಿದ್ದರೆ ಬಹಳ ಒಳ್ಳೆಯದು, ಮಾತಾಡುವಾಗ ಕಣ್ಣಿಗೆ ನೋಡಲು ಏನಾದರೂ ಬೇಕಾಗುತ್ತದೆ. ಆ ಕುರ್ಚಿಯಿಂದ ಟಿವಿಯಾಗಲಿ ಕಂಪ್ಯೂಟರ್ ಆಗಲಿ ಕಾಣಬಾರದು. ಮನೆಯಲ್ಲಿ ಬೇರೆಯವರೂ ಇದ್ದರೆ ಎಲ್ಲರಿಗೂ ಕೇಳಿಸುವ ನಡುಮನೆ ಬೇಡ, ರಿಂಗ್ ಆದರೂ ಕೇಳಿಸದ ಒಳಕೋಣೆಯೂ ಬೇಡ. ಹಜಾರದಿಂದ ಒಂದು ಬಾಗಿಲು ಆಚೆಗಿನ ಜಾಗ ಸಾಮಾನ್ಯವಾಗಿ ಹೊಂದುತ್ತದೆ. ಮಲಗುವ ಮಂಚದ ಪಕ್ಕ ಇಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಮಂಚದಿಂದ ಮೊಬೈಲನ್ನು ದೂರ ಮಾಡಲು ಹೊರಟವರು ಅಲ್ಲಿಗೆ ಇನ್ನೊಂದು ಫೋನ್ ತರುವುದರಲ್ಲಿ ಅರ್ಥವಿಲ್ಲ.

ಗೋಡೆಯ ಸಾಕೆಟ್ ದೂರವಿದ್ದರೆ ಚಿಂತೆಯಿಲ್ಲ. ಫೋನಿನಿಂದ ಸಾಕೆಟ್‌ಗೆ ಹೋಗುವ ಚಪ್ಪಟೆ ವೈರ್ ಉದ್ದದ್ದು ಸಿಗುತ್ತದೆ, ಗೋಡೆಯ ಅಂಚಿನಲ್ಲಿ ಕ್ಲಿಪ್ ಹೊಡೆದು ಎಳೆಯಬಹುದು. ರಿಸೀವರಿನ ಸುರುಳಿ ವೈರ್ ಮಾತ್ರ ತೀರಾ ಉದ್ದ ಬೇಡ. ಉದ್ದವಾದಷ್ಟೂ ಎದ್ದು ಓಡಾಡುವ ಆಸೆ ಹುಟ್ಟುತ್ತದೆ.

ಹಂತ 2: ಲೈನ್ ಎಲ್ಲಿಂದ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಮುಂದಿನದೆಲ್ಲ ಈ ಆಯ್ಕೆಯ ಮೇಲೆ ನಿಂತಿದೆ.

ತಾಮ್ರದ ಹಳೆಯ ಲೈನ್ ನಿಮ್ಮ ಮನೆಗೆ ಈಗಲೂ ಸಿಗುವುದಾದರೆ ಅದಕ್ಕೆ ಸಮನಾದುದು ಇಲ್ಲ. ಆ ಜೋಡಿ ತಂತಿಯಲ್ಲಿ ವಿದ್ಯುತ್ತೂ ಎಕ್ಸ್‌ಚೇಂಜಿನಿಂದಲೇ, ಅಂದರೆ ಲೈನ್‌ಗಳೆಲ್ಲ ಬಂದು ಸೇರುವ ದೂರವಾಣಿ ಕೇಂದ್ರದಿಂದಲೇ, ಬರುತ್ತದೆ. ರಿಸೀವರ್ ಇಟ್ಟಿರುವಾಗ ತಂತಿಯಲ್ಲಿ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ. ಎತ್ತಿದ ಕೂಡಲೇ ಫೋನಿನೊಳಗೆ ವಿದ್ಯುತ್ ಹರಿದು, ವೋಲ್ಟೇಜ್ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಆ ಹರಿವನ್ನು ಗುರುತಿಸಿಯೇ ಎಕ್ಸ್‌ಚೇಂಜ್ ನಿಮಗೆ ಡಯಲ್ ಟೋನ್, ಅಂದರೆ ಇನ್ನು ನಂಬರ್ ಒತ್ತಬಹುದು ಎಂದು ತಿಳಿಸುವ ಸದ್ದು, ಕೊಡುವುದು. ಎಕ್ಸ್‌ಚೇಂಜಿನಲ್ಲಿ ದೊಡ್ಡ ಬ್ಯಾಟರಿಗಳಿರುವುದರಿಂದ ಊರಿಗೆಲ್ಲ ಕರೆಂಟ್ ಹೋದರೂ ಫೋನ್ ಬದುಕಿರುತ್ತದೆ. ಆದರೆ ಈ ತಾಮ್ರದ ಕಾಲ ಮುಗಿಯುತ್ತಾ ಬಂದಿದೆ. ಬ್ರಿಟನ್ನಿನಲ್ಲಿ ಹಳೆಯ ದೂರವಾಣಿ ಜಾಲವನ್ನು 2027ರ ಜನವರಿಯೊಳಗೆ ನಿಲ್ಲಿಸುವ ಯೋಜನೆಯಿದೆ. ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿ ತನ್ನ ತಾಮ್ರದ ಜಾಲದ ಬಹುಭಾಗವನ್ನು 2029ರ ಕೊನೆಯೊಳಗೆ ಮುಚ್ಚುವುದಾಗಿ ಹೇಳಿದೆ. ಬೇರೆ ದೇಶಗಳೂ ಇದೇ ದಾರಿಯಲ್ಲಿವೆ. ಹೊಸದಾಗಿ ತಾಮ್ರದ ಲೈನ್ ಹಾಕಿಸಿಕೊಳ್ಳುವ ಮೊದಲು, ಅದು ಇನ್ನೆಷ್ಟು ದಿನ ಇರುತ್ತದೆ ಎಂದು ಕಂಪನಿಯವರನ್ನು ನೇರವಾಗಿ ಕೇಳಿ.

ಫೈಬರ್ ಇಂಟರ್ನೆಟ್ ಇರುವ ಮನೆಯಾದರೆ ಗೋಡೆಗೆ ಹಾಕಿರುವ ಪೆಟ್ಟಿಗೆಯನ್ನೋ ರೌಟರನ್ನೋ ಹಿಂದಕ್ಕೆ ತಿರುಗಿಸಿ ನೋಡಿ. ನೆಟ್‌ವರ್ಕ್ ಕಿಂಡಿಗಳಿಗಿಂತ ಚಿಕ್ಕದಾದ, ಫೋನಿನ ಚಿತ್ರವಿರುವ ಒಂದು ಕಿಂಡಿ ಹಲವು ಪೆಟ್ಟಿಗೆಗಳಲ್ಲಿರುತ್ತದೆ. ಇಂಟರ್ನೆಟ್ ಕೊಡುವವರಿಗೆ ಹೇಳಿ ಅದನ್ನು ಚಾಲೂ ಮಾಡಿಸಿಕೊಂಡರೆ ತಂತಿ ಫೋನನ್ನು ನೇರವಾಗಿ ಅಲ್ಲಿಗೇ ಸಿಕ್ಕಿಸಬಹುದು. ಬಹಳ ಜನರಿಗೆ ತಮ್ಮ ಮನೆಯಲ್ಲೇ ಈ ಸೌಕರ್ಯ ಇರುವುದು ಗೊತ್ತಿರುವುದಿಲ್ಲ. ಇದೇ ಅತಿ ಸುಲಭದ ದಾರಿ.

ಮೂರನೆಯದು ಅಡಾಪ್ಟರ್. ಎಟಿಎ ಎಂದು ಕರೆಯುವ ಒಂದು ಪುಟ್ಟ ಪೆಟ್ಟಿಗೆ ಒಂದು ಬದಿಯಲ್ಲಿ ರೌಟರಿಗೂ ಇನ್ನೊಂದು ಬದಿಯಲ್ಲಿ ಫೋನಿಗೂ ಸೇರುತ್ತದೆ. ನಂಬರನ್ನು ಇಂಟರ್ನೆಟ್ ಕರೆಯ ಸೇವೆ ಕೊಡುವ ಕಂಪನಿಯಿಂದ ಪಡೆಯಬೇಕು. ಕೈಯಾಡಿಸಿ ಕಲಿಯುವ ಆಸಕ್ತಿ ಇದ್ದವರಿಗೆ ಇದು ಒಳ್ಳೆಯದು, ಏನು ಬೇಕೋ ಹಾಗೆ ಹೊಂದಿಸಿಕೊಳ್ಳಬಹುದು.

ನಾಲ್ಕನೆಯ ದಾರಿಯಲ್ಲಿ ಹೊಸ ನಂಬರೇ ಬೇಕಾಗಿಲ್ಲ. ಬ್ಲೂಟೂತ್ ಗೇಟ್‌ವೇ ಎಂಬ ಸಾಧನ ನಿಮ್ಮ ಮೊಬೈಲನ್ನು ತಂತಿ ಫೋನಿಗೆ ಬೆಸೆಯುತ್ತದೆ. ಮೊಬೈಲಿಗೆ ಬಂದ ಕರೆ ತಂತಿ ಫೋನಿನಲ್ಲಿ ರಿಂಗ್ ಆಗುತ್ತದೆ, ರಿಸೀವರ್ ಎತ್ತಿದರೆ ಡಯಲ್ ಟೋನ್ ಬರುತ್ತದೆ, ಕರೆ ಮೊಬೈಲಿನ ಮೂಲಕ ಹೋಗುತ್ತದೆ. ಮನೆಗೆ ಬಂದೊಡನೆ ಮೊಬೈಲನ್ನು ಒಂದು ಖಾನೆಯಲ್ಲಿ ಚಾರ್ಜಿಗೆ ಹಾಕಿ ಮರೆತುಬಿಡಬಹುದು. ಬಾಡಿಗೆ ಮನೆಯಲ್ಲೋ ಹಾಸ್ಟೆಲಿನಲ್ಲೋ ಇರುವವರು ಇದರಿಂದಲೇ ಶುರುಮಾಡಲಿ ಎಂಬುದು ನನ್ನ ಸಲಹೆ. ಒಂದೇ ಕೊರತೆಯೆಂದರೆ ಮಾರಾಟದ ಕರೆಗಳೂ ಸೇರಿ ಎಲ್ಲ ಕರೆಗಳೂ ಇಲ್ಲಿಗೇ ಬರುತ್ತವೆ. ಸಿಮ್ ಕಾರ್ಡ್ ಹಾಕಿದರೆ ಸಾಕು ಎನ್ನುವ, ಲ್ಯಾಂಡ್‌ಲೈನಿನಂತೆಯೇ ಕಾಣುವ ಫೋನ್‌ಗಳೂ ಇವೆ. ನೆಟ್‌ವರ್ಕ್ ಚೆನ್ನಾಗಿರುವ ಕಡೆ ಅವು ಸಾಲುತ್ತವೆ.

ತಾಮ್ರ ಮತ್ತು ಒಳಗೆ ಬ್ಯಾಟರಿ ಇರುವ ಸಿಮ್ ಫೋನ್ ಬಿಟ್ಟು ಉಳಿದ ದಾರಿಗಳಿಗೆ ಒಂದು ಎಚ್ಚರಿಕೆ ಅನ್ವಯಿಸುತ್ತದೆ: ಕರೆಂಟ್ ಹೋದರೆ ಲೈನೂ ಹೋಗುತ್ತದೆ. ರೌಟರ್, ಫೈಬರ್ ಪೆಟ್ಟಿಗೆ, ಅಡಾಪ್ಟರ್ ಮೂರನ್ನೂ ಒಂದು ಚಿಕ್ಕ ಯುಪಿಎಸ್‌ಗೆ ಹಾಕಿ. ಇಂಟರ್ನೆಟ್ ಲೈನಿನಿಂದ ತುರ್ತು ಸೇವೆಗೆ ಕರೆ ಮಾಡಿದಾಗ ನೀವು ಎಲ್ಲಿದ್ದೀರಿ ಎಂಬುದು ಅವರಿಗೆ ತಾನಾಗಿ ತಿಳಿಯದೆ ಇರಬಹುದು. ಸೇವೆ ಕೊಡುವವರ ಬಳಿ ವಿಳಾಸ ದಾಖಲಿಸಿ, ಮನೆ ಬದಲಿಸಿದಾಗ ಅದನ್ನೂ ಬದಲಿಸಿ. ಮನೆಯಲ್ಲಿ ವಯಸ್ಸಾದವರಿದ್ದರೆ ತುರ್ತಿಗೆಂದು ಮೊಬೈಲ್ ಒಂದು ಕೈಗೆಟುಕುವಂತೆ ಇರಲೇಬೇಕು.

ಹಂತ 3: ಫೋನ್ ಆರಿಸುವುದು

ಮೊದಲ ಸಲ ಕೊಳ್ಳುವವರಿಗೆ ಹೊಸ, ಸಾದಾ, ಬಟನ್ ಇರುವ ತಂತಿ ಫೋನ್ ಸಾಕು. ಸ್ಪೀಕರ್ ಫೋನ್ ಬಟನ್ ಇಲ್ಲದ್ದನ್ನು ಹುಡುಕಿ. ಆ ಬಟನ್ ಇದ್ದರೆ ರಿಸೀವರ್ ಮೇಜಿನ ಮೇಲೆ ಮಲಗಿಬಿಡುತ್ತದೆ. ಕೈಗೆತ್ತಿಕೊಂಡು ತೂಕ ನೋಡಿ. ತೀರಾ ಹಗುರಾದ ಫೋನು ಸುರುಳಿ ವೈರ್ ಎಳೆದೊಡನೆ ಮೇಜಿನಿಂದ ಜಾರುತ್ತದೆ.

ಆದರೂ ಎಲ್ಲರ ಕಣ್ಣು ಹೋಗುವುದು ಬೆರಳು ಹಾಕಿ ತಿರುಗಿಸುವ ಫೋನಿನ ಮೇಲೆಯೇ. ಆ ಆಸೆಯನ್ನು ನಾನು ತಡೆಯುವುದಿಲ್ಲ. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ 1949ರಲ್ಲಿ ಹೊರತಂದ 500 ಮಾದರಿಯ ಫೋನು, ಅದಕ್ಕೆ ರೂಪ ಕೊಟ್ಟವರು ಹೆನ್ರಿ ಡ್ರೇಫಸ್, ಇಂದಿಗೂ ಕೆಲಸ ಮಾಡುವ ಸ್ಥಿತಿಯಲ್ಲಿ ಸಿಗುತ್ತದೆ. ಮನೆಯಲ್ಲಿಟ್ಟ ಫೋನು ಬಾಡಿಗೆಯದ್ದು, ಕೆಟ್ಟರೆ ರಿಪೇರಿ ಕಂಪನಿಯದೇ ಎಂಬ ಕಾಲದಲ್ಲಿ ಅದನ್ನು ಮಾಡಿದ್ದು. ಹಾಗಾಗಿ ಸುಲಭವಾಗಿ ಕೆಡದಂತೆ ಕಟ್ಟಿದರು.

ತಿರುಗಿಸುವ ಫೋನ್ ಕೊಳ್ಳುವ ಮುಂಚೆ ಅದು ಕೆಲಸ ಮಾಡುವ ರೀತಿ ತಿಳಿದಿರಲಿ. ಡಯಲ್ ಹಿಂದಕ್ಕೆ ಮರಳುವಾಗ ಲೈನನ್ನು ಸೆಕೆಂಡಿಗೆ ಹತ್ತು ಸಲದ ವೇಗದಲ್ಲಿ ಕಡಿದು ಕೂಡಿಸುತ್ತದೆ. 3 ತಿರುಗಿಸಿದರೆ ಮೂರು ಕಡಿತ, 0 ತಿರುಗಿಸಿದರೆ ಹತ್ತು. ದೊಡ್ಡ ಅಂಕಿಗಳಿಗೆ ಹೆಚ್ಚು ಹೊತ್ತು ಬೇಕು. ಅಮೆರಿಕದಲ್ಲಿ 1947ರಲ್ಲಿ ಪ್ರದೇಶ ಸಂಕೇತಗಳನ್ನು ಹಂಚುವಾಗ ನ್ಯೂಯಾರ್ಕಿಗೆ 212, ಲಾಸ್ ಏಂಜಲೀಸ್‌ಗೆ 213, ಶಿಕಾಗೊಗೆ 312 ಸಿಕ್ಕಿದ್ದು ಇದೇ ಲೆಕ್ಕದಿಂದ: ಹೆಚ್ಚು ಕರೆ ಹೋಗುವ ಊರಿಗೆ ಬೇಗ ತಿರುಗಿಸಬಹುದಾದ ಅಂಕಿ. ಬಟನ್ ಫೋನಿನ ಪದ್ಧತಿ ಬೇರೆ. 1963ರಲ್ಲಿ ಅಮೆರಿಕದ ದೂರವಾಣಿ ಕಂಪನಿ ಬೆಲ್ ಗ್ರಾಹಕರಿಗೆ ಕೊಡಲು ಶುರುಮಾಡಿದ ಈ ವಿಧಾನದಲ್ಲಿ ಪ್ರತಿ ಬಟನ್ ಎರಡು ಸ್ವರಗಳನ್ನು ಒಟ್ಟಿಗೆ ನುಡಿಸುತ್ತದೆ. 5 ಒತ್ತಿದರೆ 770 ಮತ್ತು 1,336 ಹರ್ಟ್ಸ್.

ಇಂದಿನ ಎಷ್ಟೋ ಫೈಬರ್ ಪೆಟ್ಟಿಗೆಗಳಿಗೆ ಮತ್ತು ಅಡಾಪ್ಟರ್‌ಗಳಿಗೆ ಸ್ವರ ಮಾತ್ರ ಅರ್ಥವಾಗುತ್ತದೆ, ಕಡಿತ ಅರ್ಥವಾಗುವುದಿಲ್ಲ. ಅಂಥ ಕಡೆ ಹಾಕಿದ ತಿರುಗಿಸುವ ಫೋನಿನಲ್ಲಿ ಕರೆ ಬರುತ್ತದೆ, ಮಾತಾಡಬಹುದು, ಕರೆ ಮಾಡಲಾಗುವುದಿಲ್ಲ. ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ801ನಂಥ ಕೆಲವು ಅಡಾಪ್ಟರ್‌ಗಳಲ್ಲಿ ಕಡಿತದ ಡಯಲಿಂಗನ್ನು ಚಾಲೂ ಮಾಡಿಕೊಳ್ಳಬಹುದು. ಕಡಿತವನ್ನು ಸ್ವರವಾಗಿ ಬದಲಿಸುವ ಪರಿವರ್ತಕವನ್ನು ನಡುವೆ ಸೇರಿಸುವುದು ಇನ್ನೊಂದು ದಾರಿ. ಇವೆರಡರಲ್ಲಿ ಒಂದಾದರೂ ಕೈಗೆ ಸಿಗುವುದು ಖಚಿತವಾಗದೆ ತಿರುಗಿಸುವ ಫೋನಿಗೆ ಹಣ ಕೊಡಬೇಡಿ. "ಇಂಗ್ಲಿಷಿಗೆ 1 ಒತ್ತಿ" ಎನ್ನುವ ಸ್ವಯಂಚಾಲಿತ ಕರೆಗಳಲ್ಲೂ ಇದು ಕೈಕೊಡುತ್ತದೆ, ಆ ಕೆಲಸ ಮೊಬೈಲಿಗೇ ಇರಲಿ.

ಬೇರೆ ದೇಶದಿಂದ ತರಿಸಿಕೊಳ್ಳುವುದಾದರೆ ಇನ್ನೊಂದು ಎಚ್ಚರ. ನ್ಯೂಜಿಲೆಂಡಿನ ಹಳೆಯ ಡಯಲ್‌ಗಳಲ್ಲಿ ಅಂಕಿಗಳು ತಿರುಗುಮುರುಗು, ಅಲ್ಲಿ 9 ತಿರುಗಿಸಿದರೆ ಒಂದೇ ಕಡಿತ. ಸ್ವೀಡನ್ನಿನಲ್ಲಿ 0ಗೆ ಒಂದು ಕಡಿತ, 1ಕ್ಕೆ ಎರಡು. ನೋಡಲು ಎಷ್ಟೇ ಚೆಂದವಿದ್ದರೂ ಇವು ಬೇರೆ ಕಡೆ ತಪ್ಪು ನಂಬರಿಗೆ ಹೋಗುತ್ತವೆ. ಬ್ರಿಟನ್ನಿನ ಫೋನ್‌ಗಳಲ್ಲಿ ಗಂಟೆಗೆ ಪ್ರತ್ಯೇಕ ತಂತಿಯಿದ್ದು, ಅದಕ್ಕೆ ಬೇಕಾದ ಕೆಪಾಸಿಟರ್ ಎಂಬ ಬಿಡಿಭಾಗ ಮನೆಯ ಮುಖ್ಯ ಸಾಕೆಟ್ಟಿನಲ್ಲಿರುತ್ತದೆ. ಕೆಪಾಸಿಟರ್ ಇಲ್ಲದ ಸಾದಾ ಪ್ಲಗ್ ಬದಲಾವಣೆಯಿಂದ ಮಾತು ಕೇಳಿಸೀತು, ರಿಂಗ್ ಆಗದಿರಬಹುದು.

ಸೆಕೆಂಡ್ ಹ್ಯಾಂಡ್ ಫೋನನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುವ ಅವಕಾಶವಿದ್ದರೆ ರಿಸೀವರ್ ಇಡುವ ಗುಂಡಿಗಳನ್ನು ಒತ್ತಿ ನೋಡಿ, ಅವು ತಡವರಿಸದೆ ಮೇಲೇಳಬೇಕು. 0 ತಿರುಗಿಸಿ ಬಿಡಿ, ಡಯಲ್ ಎಲ್ಲೂ ನಿಲ್ಲದೆ ಒಂದೇ ವೇಗದಲ್ಲಿ ಸುಮಾರು ಒಂದು ಸೆಕೆಂಡಿನಲ್ಲಿ ವಾಪಸಾಗಬೇಕು. ವೈರಿನ ಎರಡೂ ತುದಿ ಬಗ್ಗಿಸಿ ಬಿರುಕು ನೋಡಿ. ಒಳಗೆ ಗಂಟೆಗಳು ಇವೆಯೇ ಎಂದು ಖಚಿತಪಡಿಸಿಕೊಳ್ಳಿ. ಹಳೆಯ ಚಿಪ್ಪಿನೊಳಗೆ ಎಲೆಕ್ಟ್ರಾನಿಕ್ ಕಿರ್‌ಕಿರ್ ಸದ್ದು ತುಂಬಿದ ನಕಲುಗಳೂ ಮಾರಾಟಕ್ಕಿವೆ.

ಹಂತ 4: ಜೋಡಿಸುವುದು

ಫೋನಿನ ಕೆಲಸ ಕಡಿಮೆ ವೋಲ್ಟೇಜಿನದು ಎಂದು ನಿರ್ಲಕ್ಷ್ಯ ಬೇಡ. ರಿಂಗ್ ಆಗುವಾಗ ತಂತಿಯಲ್ಲಿ 75ರಿಂದ 90 ವೋಲ್ಟ್ ಎಸಿ ಹರಿಯುತ್ತದೆ, ಬರಿಗೈಯಲ್ಲಿ ಮುಟ್ಟಿದರೆ ಜೋರಾಗಿ ಹೊಡೆಯುತ್ತದೆ. ಸಾಕೆಟ್ ಬಿಚ್ಚುವ ಮೊದಲು ಲೈನನ್ನು ಕಳಚಿ. ಹೊರಗಿನಿಂದ ತಂತಿ ಬರುವ ಫೋನನ್ನು ಗುಡುಗು ಮಿಂಚಿನ ಹೊತ್ತಿನಲ್ಲಿ ಬಳಸಬೇಡಿ, ಸಿಡಿಲಿನ ವಿದ್ಯುತ್ ತಂತಿಯ ಮೂಲಕವೇ ಕಿವಿಗೆ ಬರಬಲ್ಲದು.

ತಾಮ್ರ ಅಥವಾ ಫೈಬರ್ ಪೆಟ್ಟಿಗೆಯಾದರೆ ಫೋನಿನ ವೈರಿನ ತುದಿಯಲ್ಲಿರುವ ಚಿಕ್ಕ ಪ್ಲಗ್ಗನ್ನು (ಆರ್‌ಜೆ11) ಕಿಂಡಿಗೆ ಕ್ಲಿಕ್ ಎನ್ನುವಂತೆ ಸಿಕ್ಕಿಸಿ, ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಒಂದೇ ಲೈನಿಗೆ ಕೆಲಸಕ್ಕೆ ಬರುವುದು ನಡುವಿನ ಎರಡು ತಂತಿ ಮಾತ್ರ. ಅವು ಅದಲುಬದಲಾದರೂ ಸಾಮಾನ್ಯವಾಗಿ ತೊಂದರೆಯಿಲ್ಲ. ಕೆಲವು ಹಳೆಯ ಬಟನ್ ಫೋನ್‌ಗಳು ಮಾತ್ರ ಅದಲುಬದಲಾದಾಗ ಸ್ವರ ಹೊರಡಿಸುವುದಿಲ್ಲ.

ಅಡಾಪ್ಟರ್ ಹಾಕುವವರಿಗೆ ಕೆಲಸ ಸ್ವಲ್ಪ ಹೆಚ್ಚು. ಅಡಾಪ್ಟರನ್ನು ರೌಟರಿಗೆ ನೆಟ್‌ವರ್ಕ್ ಕೇಬಲಿನಿಂದ ಸೇರಿಸಿ. ಬ್ರೌಸರಿನಲ್ಲಿ ಅದರ ವಿಳಾಸ ತೆರೆದು, ಎಲ್ಲಕ್ಕಿಂತ ಮೊದಲು ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ. ಹಾಗೆಯೇ ಬಿಟ್ಟರೆ ನಿಮ್ಮ ನಂಬರಿನಿಂದ ಯಾರೋ ವಿದೇಶಕ್ಕೆ ಕರೆ ಮಾಡಿ ಬಿಲ್ ಏರಿಸಬಹುದು. ಆಮೇಲೆ ಸೇವೆಯವರು ಕೊಟ್ಟ ಸರ್ವರ್ ಹೆಸರು, ಬಳಕೆದಾರ ಹೆಸರು, ಪಾಸ್‌ವರ್ಡ್ ತುಂಬಿ, ನೋಂದಣಿ ಆಯಿತೆಂದು ತೋರಿಸುವವರೆಗೆ ಕಾಯಿರಿ. ಕೋಡೆಕ್ ಎಂದರೆ ದನಿಯನ್ನು ಇಂಟರ್ನೆಟ್ಟಿನಲ್ಲಿ ಕಳಿಸಲು ಅಂಕಿಗಳಾಗಿ ಬದಲಿಸುವ ವಿಧಾನ; ಅದರ ಪಟ್ಟಿಯಲ್ಲಿ ಜಿ.711 ಎಂಬುದು ಮೇಲಿರಲಿ. ದನಿಗೆ 64 ಕಿಲೋಬಿಟ್, ಪ್ಯಾಕೆಟ್ಟುಗಳ ತೂಕ ಸೇರಿ ಪ್ರತಿ ದಿಕ್ಕಿಗೆ ಸೆಕೆಂಡಿಗೆ 90 ಕಿಲೋಬಿಟ್ ಒಳಗೇ ಆಗುತ್ತದೆ; ಇಂದಿನ ಇಂಟರ್ನೆಟ್ಟಿಗೆ ಅದು ಲೆಕ್ಕಕ್ಕೇ ಇಲ್ಲ. ಹೆಚ್ಚು ಹಿಂಡಿದ ಕೋಡೆಕ್ ಹಾಕಿ ಉಳಿಸುವುದೇನೂ ಇಲ್ಲ, ಕಳೆದುಕೊಳ್ಳುವುದು ದನಿಯನ್ನು.

ಹಳೆಯ ಗೋಡೆ ಸಾಕೆಟ್‌ಗಳನ್ನೆಲ್ಲ ಅಡಾಪ್ಟರಿನಿಂದ ಜೀವಂತ ಮಾಡಬಹುದು. ಆದರೆ ಹೊರಗಿನ ಕಂಪನಿಯ ಲೈನನ್ನು ಮನೆಯ ವೈರಿಂಗಿನಿಂದ ಪೂರ್ತಿ ಬೇರ್ಪಡಿಸಿದ ಮೇಲೆಯೇ ಹಾಗೆ ಮಾಡಿ. ಎರಡು ಕಡೆಯ ವಿದ್ಯುತ್ ಒಂದಕ್ಕೊಂದು ಎದುರಾದರೆ ಅಡಾಪ್ಟರ್ ಸುಡುತ್ತದೆ.

ಗಂಟೆಗಳ ಲೆಕ್ಕವೂ ಇದೆ. ಫೋನಿನ ಅಡಿಯಲ್ಲಿ ಆರ್‌ಇಎನ್ ಎಂಬ ಅಂಕಿ ಬರೆದಿರುತ್ತದೆ. ಅದು ಗಂಟೆ ಬಾರಿಸಲು ಬೇಕಾದ ಶಕ್ತಿಯ ಅಳತೆ. ನಿಜವಾದ ಗಂಟೆಯ ಹಳೆಯ ಫೋನಿಗೆ ಅದು ಸುಮಾರು 1. ಅಮೆರಿಕದ ತಾಮ್ರದ ಒಂದು ಲೈನು ಒಟ್ಟು 5ರವರೆಗೆ ತಡೆಯುತ್ತಿತ್ತು. ಚಿಕ್ಕ ಅಡಾಪ್ಟರ್‌ಗಳು ಅಷ್ಟು ತಡೆಯದೆ ಇರಬಹುದು, ವಿವರಪತ್ರ ನೋಡಿಕೊಂಡು ಫೋನ್ ಸೇರಿಸಿ.

ಕೆಲಸ ಮಾಡದಿದ್ದರೆ

ಡಯಲ್ ಟೋನೇ ಇಲ್ಲವೆಂದರೆ ಮೊದಲು ವೈರ್ ಬದಲಿಸಿ, ಆಮೇಲೆ ಇನ್ನೊಂದು ಫೋನ್ ಹಾಕಿ ನೋಡಿ. ಫೋನ್ ಬಿಚ್ಚುವುದು ಕೊನೆಯ ಮಾತು. ಮಾತು ಸರಿಯಿದ್ದು ರಿಂಗ್ ಮಾತ್ರ ಬಾರದಿದ್ದರೆ ಆರ್‌ಇಎನ್ ಮೀರಿದೆ, ಇಲ್ಲವೆ ಗಂಟೆಯ ತಂತಿ ಸೇರಿಲ್ಲ, ಇಲ್ಲವೆ ಫೋನಿನ ತಳದಲ್ಲಿರುವ ಗಂಟೆಯ ಸದ್ದಿನ ಚಕ್ರ ತಗ್ಗಿಸಿದೆ. ಗುಂಯ್ ಎಂಬ ಸದ್ದು ಬರುತ್ತಿದ್ದರೆ ಫೋನಿನ ವೈರ್ ಕರೆಂಟಿನ ವೈರಿಗೆ ಅಂಟಿಕೊಂಡು ಹೋಗುತ್ತಿದೆಯೇ ನೋಡಿ. ಆಚೆಯವರಿಗೆ ನಿಮ್ಮ ದನಿ ಮಂಕಾಗಿ, ಗರಗರ ಎಂದು ಕೇಳಿಸಿದರೆ, ಫೋನು ಬಹಳ ಹಳೆಯದಾಗಿದ್ದರೆ, ಅದರ ಮೈಕಿನಲ್ಲಿ ಇಂಗಾಲದ ಹರಳುಗಳಿರುತ್ತವೆ. ಕಾಲ ಕಳೆದಂತೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರಿಸೀವರಿನ ಬಾಯಿಯ ತುದಿಯನ್ನು ಅಂಗೈಗೆ ಮೆಲ್ಲಗೆ ಬಡಿದರೆ ಹರಳು ಬಿಡಿಸಿಕೊಂಡು ದನಿ ಮರಳುತ್ತದೆ. ಮರಳದಿದ್ದರೆ ಅದೇ ಅಳತೆಯ ಎಲೆಕ್ಟ್ರಾನಿಕ್ ಮೈಕ್ ಬಿಲ್ಲೆ ಸಿಗುತ್ತದೆ, ಬದಲಿಸಿ.

ಹಂತ 5: ನಂಬರನ್ನು ಕಾಪಾಡುವುದು

ತಂತಿ ಫೋನಿನ ನಂಬರನ್ನು ಯಾವ ಅಂಗಡಿಯ ಅರ್ಜಿಯಲ್ಲೂ, ಯಾವ ಆ್ಯಪಿನಲ್ಲೂ, ಯಾವ ಬ್ಯಾಂಕಿನಲ್ಲೂ ಬರೆಯಬೇಡಿ. ಅವೆಲ್ಲಕ್ಕೂ ಮೊಬೈಲ್ ಇದೆ, ಒಟಿಪಿ ಬರುವುದೂ ಅಲ್ಲಿಗೇ. ಈ ನಂಬರ್ ಸಿಗಬೇಕಾದದ್ದು ನೀವು ಯಾರ ದನಿ ಕೇಳಲು ಬಯಸುತ್ತೀರೋ ಅವರಿಗೆ. ಫೋನ್ ರಿಂಗ್ ಆದಾಗ ಯಾರೆಂದು ಪರದೆ ನೋಡದೆ ಎತ್ತುವ ಧೈರ್ಯ ಬರುವುದು, ನಂಬರ್ ಗೊತ್ತಿರುವವರೆಲ್ಲ ಬೇಕಾದವರೇ ಎಂಬ ಭರವಸೆಯಿಂದ. ಆ ಭರವಸೆ ಹೋದರೆ ಫೋನಿನ ಗಂಟೆ ಕಿರಿಕಿರಿಯಾಗುತ್ತದೆ.

ಮೇಜಿನ ಮೇಲಿನ ಪುಸ್ತಕದಲ್ಲಿ ಅವರ ನಂಬರ್‌ಗಳನ್ನು ಕೈಯಿಂದ ಬರೆಯಿರಿ. ಪ್ರತಿ ಸಲ ಪುಸ್ತಕ ನೋಡಿ ಒತ್ತುತ್ತಾ ಹೋದರೆ ನಾಲ್ಕಾರು ನಂಬರ್‌ಗಳು ಬಾಯಿಪಾಠವಾಗುತ್ತವೆ. ಮೊಬೈಲ್ ಕಳೆದುಹೋದ ದಿನ ಅವೇ ಕೈಹಿಡಿಯುವುದು.

ಸಂಜೆ ಹೊತ್ತು ಮೊಬೈಲಿನ ಕರೆಗಳು ತಂತಿ ಫೋನಿಗೆ ಬರಲಿ ಎಂದಿದ್ದರೆ ಕಾಲ್ ಫಾರ್ವರ್ಡಿಂಗ್ ಬಳಸಿ. ಹೆಚ್ಚಿನ ಮೊಬೈಲ್ ಜಾಲಗಳಲ್ಲಿ ಎರಡು ಸ್ಟಾರ್, 21, ಒಂದು ಸ್ಟಾರ್, ನಂಬರ್, ಹ್ಯಾಶ್ ಒತ್ತಿ ಕರೆ ಮಾಡಿದರೆ ಚಾಲೂ ಆಗುತ್ತದೆ. ಎರಡು ಹ್ಯಾಶ್, 21, ಹ್ಯಾಶ್ ಒತ್ತಿದರೆ ರದ್ದು. ಫಾರ್ವರ್ಡ್ ಆದ ಕರೆಗೆ ಶುಲ್ಕವಿದೆಯೇ ಎಂದು ಮೊದಲೇ ವಿಚಾರಿಸಿ. ಇದೇ ಸಂಕೇತವನ್ನು ಬೇರೆಯವರ ನಂಬರ್ ಹಾಕಿ ಒತ್ತಿಸಿ ಖಾತೆಗೆ ಕನ್ನ ಹಾಕುವ ವಂಚಕರಿದ್ದಾರೆ. ಹಾಗಾಗಿ ನಿಮ್ಮದೇ ನಂಬರ್ ಬಿಟ್ಟು ಇನ್ಯಾರು ಹೇಳಿದ ನಂಬರನ್ನೂ ಇದರಲ್ಲಿ ಹಾಕಬೇಡಿ.

ಹಂತ 6: ಮಾತಾಡುವ ಅಭ್ಯಾಸ

ಸಂದೇಶ ಬರೆಯುತ್ತಲೇ ದೊಡ್ಡವರಾದವರಿಗೆ ಫೋನ್ ಕರೆಯೆಂದರೆ ಅಳುಕು. ಬರೆದು ಅಳಿಸಿ ತಿದ್ದುವ ಅವಕಾಶ ಮಾತಿನಲ್ಲಿಲ್ಲ ಎಂಬುದೇ ಆ ಅಳುಕಿನ ಮೂಲ. ಇದು ಸೋಮಾರಿತನವಲ್ಲ, ಅಭ್ಯಾಸ ಇಲ್ಲದಿರುವುದು ಅಷ್ಟೇ. ಹಿರಿಯರು ಇದನ್ನು ಗೇಲಿ ಮಾಡಬಾರದು.

ಒಬ್ಬರಿಂದ ಶುರುಮಾಡಿ. ವಾರದಲ್ಲಿ ಇಂಥ ದಿನ ಇಷ್ಟು ಗಂಟೆಗೆ ಎಂದು ಮಾತಾಗಿರಲಿ. ಆ ಹೊತ್ತಿಗೆ ಕುರ್ಚಿಯಲ್ಲಿ ಕೂತು ನೀವೇ ನಂಬರ್ ಒತ್ತಿ. ಹೇಳಬೇಕಾದ ಎರಡು ಮೂರು ಸಂಗತಿ ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದರೆ ಮೊದಲ ನಿಮಿಷ ದಾಟುವುದು ಸುಲಭ, ಆಮೇಲೆ ಪುಸ್ತಕ ನೆನಪಿಗೇ ಬರುವುದಿಲ್ಲ. ಎತ್ತಿದೊಡನೆ ಹೆಸರು ಹೇಳಿ, "ಈಗ ಮಾತಾಡಬಹುದಾ?" ಎಂದು ಕೇಳಿ. ಆಚೆಯವರಿಗೂ ಮುಖ ಕಾಣುವುದಿಲ್ಲವಾದ್ದರಿಂದ ಕೇಳುತ್ತಿದ್ದೇನೆ ಎಂಬುದನ್ನು ಆಗಾಗ "ಹೂಂ" ಎಂದು ತಿಳಿಸುತ್ತಿರಬೇಕು. ನಡುವೆ ಮೌನ ಬಂದರೆ ತುಂಬಿಸಲು ಅವಸರಪಡಬೇಡಿ. ಮೊಬೈಲಿನಲ್ಲಿ ಮೌನವೆಂದರೆ ಲೈನ್ ಕಟ್ಟಾಯಿತೇ ಎಂಬ ಗಾಬರಿ. ತಂತಿ ಫೋನಿನಲ್ಲಿ ಉಸಿರಿನ ಸದ್ದು, ಕೋಣೆಯ ಸದ್ದು ಎರಡೂ ಹಾದು ಬರುವುದರಿಂದ ಆಚೆ ಮನುಷ್ಯರಿದ್ದಾರೆಂದು ಗೊತ್ತಾಗುತ್ತಿರುತ್ತದೆ. ನನಗೆ ಈ ಫೋನಿನಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು ಅದೇ.

ಮಾತಾಡುವಷ್ಟು ಹೊತ್ತು ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಈ ನಿಯಮವೊಂದನ್ನು ಸಡಿಲಿಸಿದರೆ ಉಳಿದ ಹಂತಗಳ ಶ್ರಮವೆಲ್ಲ ವ್ಯರ್ಥ.

ಮಕ್ಕಳಿರುವ ಮನೆಯಲ್ಲಿ ಇದರ ಉಪಯೋಗ ಇನ್ನೂ ದೊಡ್ಡದು. ಸ್ವಂತ ಮೊಬೈಲ್ ಕೊಡಲು ಇಷ್ಟವಿಲ್ಲದ, ಹಾಗಂತ ಗೆಳೆಯರಿಂದ ಮಗುವನ್ನು ದೂರ ಇಡಲೂ ಮನಸ್ಸಿಲ್ಲದ ಹೆತ್ತವರಿಗೆ ಇದು ನಡುದಾರಿ. ಅಮೆರಿಕದಲ್ಲಿ ಟಿನ್ ಕ್ಯಾನ್ ಎಂಬ ಕಂಪನಿ ಮಕ್ಕಳಿಗೆಂದೇ ತಂತಿಯ ಫೋನ್ ಮಾರುತ್ತಿದೆ. ಅದು ವೈಫೈ ಮೇಲೆ ನಡೆಯುತ್ತದೆ, ಹೆತ್ತವರು ಒಪ್ಪಿದ ನಂಬರ್‌ಗಳ ಜೊತೆ ಮಾತ್ರ ಮಾತು. ಅದಿಲ್ಲದೆಯೂ ಸಾದಾ ಅಡಾಪ್ಟರಿನಲ್ಲಿ ಹೊರಹೋಗುವ ನಂಬರ್‌ಗಳನ್ನು ಮಿತಿಗೊಳಿಸಬಹುದು. ತುರ್ತು ಸಂಖ್ಯೆ ಮಾತ್ರ ಯಾವಾಗಲೂ ತೆರೆದಿರಲಿ. ಮಗುವಿಗೆ ಕಲಿಸಬೇಕಾದದ್ದು ಇಷ್ಟು: ಎತ್ತಿದಾಗ ಏನು ಹೇಳಬೇಕು, ಕೇಳಿದವರು ಮನೆಯಲ್ಲಿಲ್ಲದಿದ್ದರೆ ವಿಷಯ ಬರೆದಿಡುವುದು ಹೇಗೆ, ಗುರುತಿಲ್ಲದವರಿಗೆ ಏನು ಹೇಳಬಾರದು, ಆಪತ್ತಿನಲ್ಲಿ ಯಾವ ನಂಬರ್ ಒತ್ತಿ ವಿಳಾಸ ಹೇಗೆ ಹೇಳಬೇಕು. ಕೊನೆಯದನ್ನು ಫೋನ್ ಕಳಚಿಟ್ಟು ಜೋರಾಗಿ ಹೇಳಿಸಿ ಅಭ್ಯಾಸ ಮಾಡಿಸಿ.

ಹಂತ 7: ಆರೈಕೆ

ಕೆಲಸ ಕಡಿಮೆ. ರಿಸೀವರನ್ನು ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ, ಕಿವಿ ಬಾಯಿಯ ತೂತುಗಳಿಗೆ ನೀರು ಇಳಿಯಬಾರದು. ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹಳೆಯ ಫೋನಿಗೆ ಸ್ಪಿರಿಟ್ ತಾಗಿಸಬೇಡಿ, ಹೊಳಪು ಹೋಗುತ್ತದೆ. ಡಯಲ್ ನಿಧಾನವಾದರೆ ಕಂಡಕಂಡ ಎಣ್ಣೆ ಸುರಿಯುವವರಿದ್ದಾರೆ. ಎಣ್ಣೆಗೆ ಧೂಳು ಕೂತು ಅದು ಇನ್ನೂ ನಿಧಾನವಾಗುತ್ತದೆ. ಬಲ್ಲವರ ಕೈಗೆ ಕೊಡಿ.

ಸುರುಳಿ ವೈರ್ ಗಂಟಾಗುವುದು ಎಲ್ಲರ ಮನೆಯಲ್ಲೂ ನಡೆಯುವ ಸಂಗತಿ. ಒಂದೇ ಕೈಯಲ್ಲಿ ಎತ್ತಿ ಇನ್ನೊಂದು ಕೈಗೆ ಬದಲಿಸಿ ಇಡುವಾಗ ಪ್ರತಿ ಸಲ ಒಂದೊಂದು ತಿರುವು ಸೇರುತ್ತಾ ಹೋಗುತ್ತದೆ. ಮೇಜಿನ ಅಂಚಿನಿಂದ ರಿಸೀವರನ್ನು ಕೆಳಕ್ಕೆ ತೂಗಬಿಟ್ಟು, ಅದು ಸುತ್ತಿ ಸುತ್ತಿ ತಾನಾಗಿ ನಿಲ್ಲುವವರೆಗೆ ಬಿಡಿ, ತಿರುವುಗಳೆಲ್ಲ ಬಿಟ್ಟುಹೋಗುತ್ತವೆ. ಸುರುಳಿ ತೀರಾ ಸಡಿಲವಾಗಿ ನೆಲ ಮುಟ್ಟುತ್ತಿದ್ದರೆ ಹೊಸದು ಹಾಕಿ. ರಿಸೀವರ್ ಬದಿಯ ಪ್ಲಗ್ ಗೋಡೆಯ ಪ್ಲಗ್ಗಿಗಿಂತ ಕಿರಿದು, ನಾಲ್ಕು ತಂತಿಯದು. ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ದು ಅಳತೆ ಹೋಲಿಸಿ. 1970ರ ದಶಕಕ್ಕಿಂತ ಹಿಂದಿನ ಬಹಳಷ್ಟು ಫೋನ್‌ಗಳಲ್ಲಿ ಪ್ಲಗ್ಗೇ ಇರುವುದಿಲ್ಲ, ತಂತಿಗಳನ್ನು ಒಳಗೆ ತಿರುಪಿಗೆ ಬಿಗಿದಿರುತ್ತಾರೆ. ಅಂಥದನ್ನು ಬಿಚ್ಚುವ ಮುಂಚೆ ಯಾವ ಬಣ್ಣದ ತಂತಿ ಯಾವ ತಿರುಪಿಗೆ ಎಂದು ಒಂದು ಫೋಟೊ ತೆಗೆದಿಟ್ಟುಕೊಳ್ಳಿ.